ಪಂಕ್ತಿಯಿಂದ ಏಳುವ ವಿದ್ಯೆ

ನಾವು ಕೂರುವುದನ್ನು ಯಾರೂ ಗಮನಿಸುವುದಿಲ್ಲ. ಏಳುವುದನ್ನು ಮಾತ್ರ ಊರೇ ನೋಡುತ್ತದೆ. ಸೋಲಾಪುರದ ಜವಳಿ ಅಂಗಡಿಯ ಗಾದಿಯ ಮೇಲೆ ನಲವತ್ತು ವರ್ಷ ಸ್ಥಿರಾಸನನಾಗಿದ್ದ ನನಗೆ ಈ ತತ್ತ್ವದರ್ಶನವಾದದ್ದು ಹನ್ನೊಂದು ವರ್ಷಗಳ ಹಿಂದೆ, ಮಗಳ ಮದುವೆಯ ಮರುದಿನ, ಅಕ್ಕಲಕೋಟದ ಬೀಗರ ಮನೆಯ ಊಟದ ಪಂಕ್ತಿಯಲ್ಲಿ. ಎಂಜಲುಗೈಯನ್ನು ಆಕಾಶಕ್ಕೆ ಎತ್ತಿ, ಎಡಗೈಯನ್ನು ನೆಲಕ್ಕೆ ಊರಿ, ಏಳುವ ಮೂರನೆಯ ಪ್ರಯತ್ನದಲ್ಲಿ ನಾನಿದ್ದಾಗ, ಬೇಸಾಯದಲ್ಲಿ ಕಡೆದ ಮೈಯ ಬೀಗರು ಮಲಕಪ್ಪನವರು ಎಲ್ಲರಿಗೂ ಕೇಳುವಂತೆ ಕೂಗಿದರು: "ತಡೀರಿ ಸಾವ್ಕಾರ್ರ, ನಿಮ್ಮನ್ನ ಎಬ್ಬಸಾಕ ಎತ್ತ ತರಸ್ತೀನಿ!"

ನಕ್ಕವರು ಏಳು ಮಂದಿ. ಅವರ ಹೆಸರುಗಳು ಇಂದಿಗೂ ನನಗೆ ಅನುಕ್ರಮವಾಗಿ ಕಂಠಸ್ಥ. ಮೂರನೆಯ ಹೆಸರು ನನ್ನ ಧರ್ಮಪತ್ನಿಯದು.

ತಕ್ಕ ಉತ್ತರ ಹೊಳೆಯದೆ ವರ್ಷಗಳು ಕಳೆದವು. ನಮ್ಮ ಊರಿನಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದೇ ವಿರಳವಾದ್ದರಿಂದ, ಕಂಡದ್ದೆಲ್ಲವನ್ನೂ ಓದುವ ಚಟ ನನ್ನದು. ಹೀಗೆ ರದ್ದಿ ಅಂಗಡಿಯಲ್ಲಿ, ರಕ್ಷಾಪುಟ ಕಳೆದುಕೊಂಡ ಕುಸ್ತಿಯ ಪುಸ್ತಕವೊಂದು ಕಳೆದ ವರ್ಷ ಕೈಸೇರಿತು. ಕುಸ್ತಿಯೆಂದರೆ ಸ್ಥೂಲಕಾಯರ ಕಲಹವೆಂದಷ್ಟೇ ತಿಳಿದಿದ್ದ ನನಗೆ, ಎದುರಾಳಿಯನ್ನು ಅವನ ಭಾರದಿಂದಲೇ ಕೆಡಹಬಹುದೆಂಬ ವಾಕ್ಯ ಪರಮಾಶ್ಚರ್ಯವನ್ನುಂಟುಮಾಡಿತು. ಅದು ನಿಜವೇ? ಭಾರಕ್ಕೆ ಅಂಥ ಸ್ವಾಮಿದ್ರೋಹದ ಸ್ವಭಾವವುಂಟೇ? ಸಹೃದಯರೇ, ಅರವತ್ತೇಳರ ವಯಸ್ಸಿನಲ್ಲಿ ಕುತೂಹಲವೂ ಒಂದು ಚಪಲ. ಬಾಗಿಲು ಮುಂದೆ ಮಾಡಿಕೊಂಡು ಗಾದಿಯ ಒರಗುದಿಂಬಾದ ಲೋಡಿನೊಡನೆ ಸೆಣಸತೊಡಗಿದೆ. ಲೋಡು ಒಂದು ಸಲವೂ ಗೆಲ್ಲಲಿಲ್ಲ. "ಅದರ ಹತ್ತಿ ಹೊರಗ ಬಂತಂದ್ರ ನೀವ ತುಂಬಬೇಕ ನೋಡ್ರಿ," ಎಂದಳು ನನ್ನವಳು, ಬಾಗಿಲ ಸಂದಿಯಿಂದ.

ಈ ದಿಗ್ವಿಜಯದ ಬಲದಿಂದ ತಾಲೀಮಿಗೆ, ಎಂದರೆ ಊರಿನ ಗರಡಿಮನೆಗೆ, ಹೋದೆ. ಅಲ್ಲಿಯ ವಸ್ತಾದ, ನನ್ನ ಅರ್ಧ ವಯಸ್ಸಿನವನು, ವಿನಯದಿಂದಲೇ ಕೇಳಿದ: "ಕಾಕಾ, ಎಷ್ಟ ಡಾವ ಬರ್ತಾವ್ರಿ?"

"ನಲವತ್ತಾರು," ಎಂದೆ, ಪುಟಸಂಖ್ಯೆಗಳ ಸಮೇತ.

"ಬೀಳಾಕ ಬರ್ತದೇನ್ರಿ?"

ಪುಟಗಳನ್ನೆಲ್ಲ ಮನಸ್ಸಿನಲ್ಲಿಯೇ ತಿರುವಿಹಾಕಿದೆ. ನಲವತ್ತಾರು ಪಟ್ಟುಗಳಲ್ಲಿಯೂ ಬೀಳುವವನು ಎದುರಾಳಿಯೇ ಆಗಿದ್ದ. ಓದುಗನು ಬೀಳುವ ಪುಟವನ್ನು ಗ್ರಂಥಕರ್ತರು ಬರೆದಿರಲಿಲ್ಲ. ಹತ್ತು ತಿಂಗಳು ಆತ ನನಗೆ ಕಲಿಸಿದ್ದು ಅದೊಂದನ್ನೇ: ಕೆಂಪು ಮಣ್ಣಿನಲ್ಲಿ ಬೀಳುವುದು, ಉರುಳುವುದು, ಕೈ ಊರದೆ ಏಳುವುದು.

ಅನಂತರ ಅಕ್ಕಲಕೋಟಕ್ಕೆ ಹೋದೆ. ಬೀಗರು ಹೊಲದಲ್ಲಿದ್ದರು. ಕುಸ್ತಿಗೆ ಕೈ ಹಿಡಿಯಲು ಬಂದಿದ್ದೇನೆಂದಾಗ, "ಯಾಕ್ರಿ, ಲೋಡ ಸೋತು ಹೋತೇನು?" ಎಂದು ನಕ್ಕು ಅಂಗಿ ಕಳಚಿದರು. ಮನೆಯ ಗುಟ್ಟು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹೊಸದಾಗಿ ನೇಗಿಲು ಹೊಡೆದ ಮೆತ್ತನೆಯ ಮಣ್ಣು. ಶಾಸ್ತ್ರೋಕ್ತವಾಗಿ ಹಣೆಗೆ ಹಚ್ಚಿಕೊಂಡು ಮುನ್ನುಗ್ಗಿದೆ. ಅವರ ನಡುವಿನ ಧೋತರ ಕೈಗೆ ಸಿಕ್ಕಿತು. ಎಳೆಯಬೇಕು; ಎಳೆದರೆ ಗೆದ್ದೆ. ಆದರೆ ನನ್ನ ಹೆಬ್ಬೆರಳು, ತೋರುಬೆರಳುಗಳು ಯಜಮಾನನ ಅನುಜ್ಞೆಯನ್ನು ಕೇಳದೆ ಬಟ್ಟೆಯ ಅಂಚನ್ನು ಹೊಸಕಿ ಪರೀಕ್ಷಿಸತೊಡಗಿದವು: ನೂಲು ದಪ್ಪ, ನೇಯ್ಗೆ ಬಿಗಿ, ಗಂಜಿ ಕಡಿಮೆ. ಒಳ್ಳೆಯ ಮಾಲು ಎಂಬ ನಿರ್ಣಯಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣೆದುರು ಆಕಾಶವಿತ್ತು, ಎದೆಯ ಮೇಲೆ ಬೀಗರಿದ್ದರು.

ಸೋತೆ. ಆದರೆ ಮೈಗೆ ಕಲಿತದ್ದು ಮರೆತಿರಲಿಲ್ಲ. ಮಗ್ಗುಲಿಗೆ ಉರುಳಿ, ನೆಲಕ್ಕೆ ಕೈ ತಾಗಿಸದೆ ಎದ್ದು ನಿಂತೆ. ಗೆದ್ದವರು ಏಳಲಿಲ್ಲ. ಎಡಗೈ ಊರಿದರು, ಮಂಡಿ ಹಿಡಿದರು, ಮತ್ತೆ ಕುಳಿತರು. ಮೂರು ಪ್ರಯತ್ನ, ಎಣಿಸಿದ್ದೇನೆ. ಹನ್ನೊಂದು ವರ್ಷ ಕಾದ ಉತ್ತರ ತುಟಿಯವರೆಗೆ ಬಂದಿತ್ತು.

ಮಲಕಪ್ಪನವರು ತಲೆಯೆತ್ತದೆ ಹೇಳಿದರು: "ಎತ್ತ ತರಸಬ್ಯಾಡ್ರಿ, ಸಾವ್ಕಾರ್ರ. ಕೈ ಕೊಡ್ರಿ."

ಮರೆಯದಿರುವುದು ನನ್ನೊಬ್ಬನ ವ್ರತವೆಂದು ಭಾವಿಸಿದ್ದೆ. ಆಡಿದವರೂ ಆ ಮಾತನ್ನು ಇಷ್ಟು ವರ್ಷ ಹೊತ್ತಿದ್ದರೆಂಬುದು ಯಾವ ಪುಟದಲ್ಲಿಯೂ ಇರಲಿಲ್ಲ. ಕೈ ಕೊಟ್ಟೆ. ಅವರು ನಿಜಕ್ಕೂ ಭಾರವಾಗಿದ್ದರು.

ಮೊನ್ನೆ ಅದೇ ಅಂಗಳದಲ್ಲಿ ಮತ್ತೆ ಪಂಕ್ತಿ ನಡೆಯಿತು. ಊಟ ಮುಗಿದಾಗ ಪಕ್ಕದಲ್ಲಿದ್ದ ಬೀಗರು ಸದ್ದಿಲ್ಲದೆ ಎಡಗೈ ಚಾಚಿದರು. ಹಿಡಿದೆದ್ದೆವು, ಇಬ್ಬರೂ ತುಸು ವಾಲಿದೆವು. ಊರು ಎಂದಿನಂತೆ ನೋಡಿತು. ಈ ಸಲ ನಕ್ಕವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ನಾವೇ.