ದುರ್ವಾಸನೆ ಕಂಡುಬಂದಿಲ್ಲ

2023ರ ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಾಲ್ವರು ಅಧಿಕಾರಿಗಳ ತಪಾಸಣಾ ತಂಡ ಹೈದರಾಬಾದಿನ ಹೊರವಲಯದಲ್ಲಿರುವ ನನ್ನ ಅಕ್ಕನ ಮನೆಗೆ ಬಂದಿತು. ಎದುರಿನ ಕಸದ ಗುಡ್ಡದಿಂದ ದುರ್ವಾಸನೆ ಬರುತ್ತಿದೆಯೇ ಎಂದು ಪರಿಶೀಲಿಸಿತು. ಬರುತ್ತಿಲ್ಲ ಎಂದು ಬರೆದುಕೊಂಡು ಹೋಯಿತು. ಆಗ ನಾನು ಅಲ್ಲಿದ್ದೆ. ತಂಡ ಸುಳ್ಳು ಬರೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಕ್ಕನ ಮನೆ ಇರುವುದು ಜೀಡಿಮೆಟ್ಲಾ ದಾಟಿದ ಮೇಲೆ. ಭಾವ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಜೊತೆ ದುಡಿದ ಕಲಬುರಗಿ, ಬೀದರ್, ರಾಯಚೂರು ಕಡೆಯ ಹತ್ತಾರು ಕುಟುಂಬಗಳು ಒಟ್ಟಿಗೆ ಸೈಟು ಕೊಂಡು ಒಂದೇ ಬೀದಿಯಲ್ಲಿ ಮನೆ ಕಟ್ಟಿಕೊಂಡವು. ಬೀದಿಯ ಆಚೆ ಕಲ್ಲುಕ್ವಾರಿಯ ಗುಂಡಿಯಿತ್ತು. ಅಡಿಪಾಯದ ಕಲ್ಲು ಅಲ್ಲಿಂದಲೇ ಬಂದದ್ದು. ಗೋಡೆ ಎದ್ದ ದಿನಗಳಲ್ಲಿ ಅಕ್ಕ ಬೆಳಿಗ್ಗೆ ಸಂಜೆ ಕೊಡಪಾನ ಹಿಡಿದು ಇಟ್ಟಿಗೆಗೆ ನೀರು ಹಾಕುತ್ತಿದ್ದಳು. ಮೇಸ್ತ್ರಿ ‘ಸಾಕಮ್ಮಾ, ಗೋಡೆಗೆ ನೆಗಡಿಯಾಗುತ್ತದೆ’ ಎನ್ನುತ್ತಿದ್ದನಂತೆ.

ಆ ಗುಂಡಿಗೆ ಮೊದಲ ಕಸದ ಲಾರಿ ಬಂದಾಗ ಅದು ತಾತ್ಕಾಲಿಕ ವ್ಯವಸ್ಥೆ ಎಂದು ಹೇಳಲಾಯಿತು. ನಾನು ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲ ಕೂತವಳು. ತಾತ್ಕಾಲಿಕ ಎಂಬ ಪದವನ್ನು ಎಷ್ಟು ಬಾರಿ ಅಚ್ಚಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ಕೊನೆಯ ದಿನಾಂಕ ಇದ್ದದ್ದನ್ನು ಒಮ್ಮೆಯೂ ಕಂಡಿಲ್ಲ. ಗುಂಡಿ ತುಂಬಿತು, ನೆಲಮಟ್ಟಕ್ಕೆ ಬಂತು, ನಿಲ್ಲಲಿಲ್ಲ. ಬಂಡೆಗಳನ್ನು ಸಿಡಿಮದ್ದಿಟ್ಟು ಸಿಡಿಸಿ ಅಪಾರ್ಟ್‌ಮೆಂಟ್ ಕಟ್ಟಿದ ನಗರ, ಆ ಬಂಡೆಗಳಿದ್ದ ಜಾಗದಲ್ಲೇ ಪ್ಲಾಸ್ಟಿಕ್ಕು, ಕೋಳಿಯ ಕರುಳು, ಆಸ್ಪತ್ರೆಯ ಬ್ಯಾಂಡೇಜು ಸುರಿದು ಹೊಸ ಗುಡ್ಡ ಎಬ್ಬಿಸಿತು. ಅದರ ಗೇಟಿಗೆ ‘ಸಂಪನ್ಮೂಲ ಉದ್ಯಾನ’ ಎಂಬ ಫಲಕ ಹಾಕಿದರು. ಉದ್ಯಾನದಲ್ಲಿ ಹದ್ದುಗಳು ಹಾರುತ್ತಿದ್ದವು.

ಬೀದಿಯ ಬೋರ್‌ವೆಲ್ ನೀರು ಮೊದಲು ತೆಳ್ಳನೆಯ ಚಹಾದಂತಾಯಿತು, ಆಮೇಲೆ ಗಟ್ಟಿ ಚಹಾದಂತೆ. ಬೇಸಿಗೆಯಲ್ಲಿ ಗುಡ್ಡ ತಾನಾಗಿಯೇ ಹೊತ್ತಿಕೊಂಡು ವಾರಗಟ್ಟಲೆ ಹೊಗೆಯಾಡುತ್ತಿತ್ತು. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಯನ್ನು ಅಕ್ಕ ಒಂದು ವರ್ಷ ಬೀದರಿನಲ್ಲಿರುವ ಮಗಳಿಗೆ ಕಳಿಸಿದಳು. ಮಗಳು ಡಬ್ಬಿ ಮುಚ್ಚಳ ತೆಗೆದವಳೇ ಫೋನ್ ಮಾಡಿದಳು: “ಅವ್ವಾ, ಇದನ್ನ ಎಲ್ಲಿ ಒಣಗಿಸೀದಿ?” ಅಕ್ಕನಿಗೆ ಶಾವಿಗೆಯಲ್ಲಿ ಯಾವ ವಾಸನೆಯೂ ಕಂಡಿರಲಿಲ್ಲ. ಬೀದಿಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಮೂಗು ವಾಸನೆಯನ್ನು ಕೈಬಿಟ್ಟಿತ್ತು. ಶ್ವಾಸಕೋಶ ಬಿಟ್ಟಿರಲಿಲ್ಲ.

ಅಕ್ಕನ ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಆಗ ಗಾಳಿ ಗುಡ್ಡದ ಕಡೆಯಿಂದ ಬೀದಿಗೆ ಬೀಸುತ್ತದೆ. ನಾನಿರುವ ಅಮೀರ್‌ಪೇಟೆಯಲ್ಲಿ ಒಬ್ಬ ಶ್ವಾಸಕೋಶದ ವೈದ್ಯರಿಗೆ ತೋರಿಸಿದೆ. ಅವರು ಸ್ಟೆಥಾಸ್ಕೋಪ್ ಕಿವಿಗಿಡುವ ಮೊದಲು “ಎಲ್ಲಿ ಮನೆ?” ಎಂದು ಕೇಳಿದರು. ಹೇಳಿದ ಮೇಲೆ ಅರ್ಧ ಪರೀಕ್ಷೆ ಮುಗಿದವರಂತೆ ತಲೆಯಾಡಿಸಿದರು. ಇನ್‌ಹೇಲರ್ ಬರೆದುಕೊಟ್ಟರು. ಇನ್ನೊಂದೆರಡು ಚಳಿಗಾಲ ಅದೇ ಮನೆಯಲ್ಲಿ ಕಳೆದರೆ ಇನ್‌ಹೇಲರ್ ಸಾಲುವುದಿಲ್ಲ, ಕಸವಾದರೂ ಹೋಗಬೇಕು, ಇವರಾದರೂ ಹೋಗಬೇಕು ಎಂದರು.

ಅಕ್ಕ ಆಟೋ ಹತ್ತುತ್ತ ಹೇಳಿದಳು: “ಗುಡ್ಡ ಮೊದಲ ಬಂತೋ, ನಾ ಮೊದಲ ಬಂದೆನೋ? ಹಿಂದ ಬಂದವರು ಮೊದಲ ಹೋಗ್ಬೇಕು. ಬಸ್ಸಿನ್ಯಾಗರ ಹಂಗೇ ಐತಿ.”

“ಬಸ್ಸಿನಾಗ ಹಂಗಿಲ್ಲಕ್ಕಾ.”

“ನಿನಗೇನು ಗೊತ್ತು, ನೀ ಮೆಟ್ರೋದಾಗ ಓಡಾಡಾಕಿ.”

ಬಂದ ನೆಂಟರೆಲ್ಲ ಮೂಗು ಮುಚ್ಚಿಕೊಳ್ಳುವ ದುರ್ವಾಸನೆಯ ಬಗ್ಗೆ ಬೀದಿಯವರು ದೂರು ಕೊಟ್ಟರು. ಕಸದ ಇಲಾಖೆ, ಅದು ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳ ವಾಸನೆ ಎಂದಿತು. ಕಾರ್ಖಾನೆಗಳ ಪರವಾಗಿ ಮಾತಾಡುವವರು, ಅದು ಕಸದ ವಾಸನೆ ಎಂದರು. ಎರಡೂ ಕಡೆಯವರು ಸೇರಿ ಒಂದಂತೂ ಒಪ್ಪಿಕೊಂಡಂತಾಯಿತು, ವಾಸನೆ ಇದೆ ಎಂದು. ಆದರೆ ಆ ಒಪ್ಪಿಗೆಯನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ. ಚುನಾವಣೆಗೆ ಮುಂಚೆ ಒಬ್ಬ ಅಭ್ಯರ್ಥಿ ಬಂದು, ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ, ಇಲ್ಲಿನ ಜನರ ಉಸಿರೇ ನನ್ನ ಉಸಿರು ಎಂದು ಭಾಷಣ ಮಾಡಿದ. ನಮ್ಮ ಪತ್ರಿಕೆಯಲ್ಲಿ ವರದಿ ಒಮ್ಮೆ ಒಳಪುಟದಲ್ಲಿ ಬಂತು. ಫೋಟೊ ಕೇಳಿದರು. ವಾಸನೆಯ ಫೋಟೊ ಇಲ್ಲ ಎಂದಾಗ, ಹಾಗಾದರೆ ಎರಡು ಪ್ಯಾರಾ ಸಾಕು ಎಂದರು. ಎರಡು ಪ್ಯಾರಾದಲ್ಲೂ ದುರ್ವಾಸನೆಗೆ ಮೊದಲು ‘ಆರೋಪಿತ’ ಎಂಬ ಪದ ಕೂತಿತ್ತು. ಅದು ನಿಯಮ. ಅಕ್ಕ ಓದಿಸಿ ಕೇಳಿದಳು.

“ನಾ ಕೆಮ್ಮೂದಕ್ಕೂ ಹಂಗ ಬರಿ. ಆರೋಪಿತ ಕೆಮ್ಮು.”

ವರದಿಯ ಪರಿಣಾಮವೋ ಏನೋ, ಇಲಾಖೆ ಟ್ಯಾಂಕರಿನಿಂದ ಗುಡ್ಡದ ಮೇಲೆ ಒಂದು ದ್ರಾವಣ ಸಿಂಪಡಿಸತೊಡಗಿತು. ನಿಂಬೆಹಣ್ಣಿನ ಪರಿಮಳ. ಕೊಳೆತದ್ದಕ್ಕೆ ನಿಂಬೆ ಸೇರಿ ಬಂದ ಆ ಗಾಳಿಯನ್ನು ಮೊದಲ ಸಂಜೆ ಉಸಿರಾಡಿದ ಅಕ್ಕ, ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯಾಕೆಗೆ ಹೇಳಿದ್ದು ಬೀದಿಯಲ್ಲೆಲ್ಲ ಹರಡಿತು: “ಹೆಣಕ್ಕ ಅತ್ತರ ಹಚ್ಯಾರ ನೋಡವಾ. ಇನ್ನ ಲಗ್ನ ಮಾಡೂದೊಂದು ಬಾಕಿ.”

ಕೊನೆಗೆ ಮೇಲಿನವರ ಆದೇಶದಂತೆ ತಪಾಸಣೆ ನಿಗದಿಯಾಯಿತು. ದೂರುದಾರರ ಪಟ್ಟಿಯಲ್ಲಿ ಮೊದಲಿದ್ದವಳು ಅಕ್ಕ. ಆದ್ದರಿಂದ ತಂಡ ಅವಳ ಮನೆಗೆ ಬಂದು, ಅಲ್ಲಿ ನಿಂತು ಗಾಳಿಯನ್ನು ಪರೀಕ್ಷಿಸುತ್ತದೆ. ದುರ್ವಾಸನೆ ದೃಢಪಟ್ಟರೆ ಹೊಸ ಕಸ ಸುರಿಯುವುದನ್ನು ನಿಲ್ಲಿಸಲಾಗುತ್ತದೆ. ಅಕ್ಕನಿಗೆ ಇದೊಂದೇ ದಾರಿ ಉಳಿದಿತ್ತು. ಕಸ ನಿಂತರೆ ಅವಳು ತನ್ನ ಮನೆಯಲ್ಲಿ ಇರಬಹುದು. ಇಲ್ಲದಿದ್ದರೆ ಮಗಳ ಮನೆ. ಬೀದರ್ ಕೆಟ್ಟ ಊರೇನಲ್ಲ, ಮಗಳೂ ಕೆಟ್ಟವಳಲ್ಲ. ಆದರೆ ಆ ಮನೆಯ ಗೋಡೆಗೆ ನೀರು ಹಾಕಿದ್ದು ಬೇರೆ ಯಾರೋ.

ತಪಾಸಣೆ ಜುಲೈನಲ್ಲೇ ಏಕೆ ಎಂದು ಇಲಾಖೆಯನ್ನು ಕೇಳಿದ್ದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಗುಡ್ಡ ಬೀದಿಯ ಪೂರ್ವಕ್ಕಿದೆ, ವಾಸನೆಯೆಲ್ಲ ಆಚೆ ಹೋಗುತ್ತದೆ. ಫೋನ್ ಎತ್ತಿದವರು ತುಂಬ ವಿನಯದಿಂದ, ಗಾಳಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಹಿಂದಿನ ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಅವಳು ಅಂಗಳಕ್ಕೆ ಫಿನಾಯಿಲ್ ಸುರಿದು ಪೊರಕೆ ಹಿಡಿದು ತಿಕ್ಕುತ್ತಿದ್ದಳು. ಆಚೀಚೆ ಮನೆಯವರೂ ತಿಕ್ಕುತ್ತಿದ್ದರು. ಟ್ಯಾಂಕರ್ ನೀರು ತರಿಸಿ ಬೀದಿಯುದ್ದಕ್ಕೂ ಹೊಡೆದಿದ್ದರು. ಭಾವ ಏಣಿ ಹತ್ತಿ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದರು.

“ಏನ್ ಮಾಡಾಕತ್ತೀರಿ ಇದು?” ಎಂದೆ.

“ಕಣ್ಣ ಕಾಣಂಗಿಲ್ಲೇನು? ನಾಳೆ ಮಂದಿ ಬರಾಕತ್ತಾರ.”

“ಅವರು ಹೊಲಸ ನೋಡಾಕ ಬರಾಕತ್ತಾರಕ್ಕಾ.”

“ಹೊಲಸ ಅವರದು. ಅದನ್ನ ಅಲ್ಲಿ ಹೋಗಿ ನೋಡ್ಲಿ. ನನ್ನ ಅಂಗಳದಾಗ ಯಾಕ ಇರ್ಬೇಕದು? ನಾಳೆ ಹೋಗಿ, ಆಕಿ ಮನೀನೇ ನಾರತಿತ್ತು ಅಂದ್ರ?”

ನಾನು ಮೇಜಿನ ಮೇಲೆ ಸುದ್ದಿ ತಿದ್ದುವವಳ ಎಲ್ಲ ತಾಳ್ಮೆಯಿಂದ ವಿವರಿಸಿದೆ. ಒಂದು ದಿನ ಗುಡಿಸಬೇಡ, ತೊಳೆಯಬೇಡ, ಊದಿನಕಡ್ಡಿ ಹಚ್ಚಬೇಡ, ಇದ್ದದ್ದು ಇದ್ದಹಾಗೆ ಇರಲಿ ಎಂದೆ. ಅಕ್ಕ ಪೊರಕೆ ನಿಲ್ಲಿಸಿ, ನಾನು ಅವಳಿಗೆ ಬಟ್ಟೆಯಿಲ್ಲದೆ ನಿಲ್ಲು ಎಂದೆನೇನೋ ಎಂಬಂತೆ ನೋಡಿದಳು. ಏಣಿಯ ಮೇಲಿಂದ ಭಾವ ಹೇಳಿದರು: “ಆಫೀಸರ್ ಮಂದಿ ರೀ. ಒಂದಿಷ್ಟು ಛಲೋ ನೋಡ್ಕೊಂಡ್ರ ಛಲೋ ಬರೀತಾರ.”

ಕಾರ್ಖಾನೆಯಲ್ಲಿ ಅವರ ಜೀವಮಾನವೆಲ್ಲ ತಪಾಸಣೆಯೆಂದರೆ ಅದೇ ಆಗಿತ್ತು. ಮೇಲಿನವರು ಬರುವ ಮುಂಚೆ ಯಂತ್ರಗಳಿಗೆ ಬಣ್ಣ ಬಳಿದು, ನೆಲಕ್ಕೆ ಸುಣ್ಣದ ಗೆರೆ ಎಳೆದು, ತುಕ್ಕು ಹಿಡಿದದ್ದನ್ನೆಲ್ಲ ಶೆಡ್ಡಿನ ಹಿಂದಕ್ಕೆ ತಳ್ಳುವುದು. ಬೀದಿಯ ಎಲ್ಲ ನಿವೃತ್ತರಿಗೂ ಆ ಕೆಲಸ ಚೆನ್ನಾಗಿ ಗೊತ್ತಿತ್ತು. ದೂರು ಕೊಟ್ಟವರೂ ತಾವೇ ಎಂಬುದು ಅಂದು ಒಬ್ಬರಿಗೂ ನೆನಪಾಗಲಿಲ್ಲ.

ಇಲಾಖೆಯೂ ಹಿಂದೆ ಬೀಳಲಿಲ್ಲ. ಬೆಳಿಗ್ಗೆ ಒಂದು ಲಾರಿಯೂ ಬರಲಿಲ್ಲ. ಗುಡ್ಡದ ಬೀದಿ ಕಡೆಯ ಮೈಗೆ ಹೊಸ ಕೆಂಪು ಮಣ್ಣು ಬಳಿದಿದ್ದರು.

ತಂಡ ಬಂದಾಗ ಬೀದಿಯುದ್ದಕ್ಕೂ ರಂಗೋಲಿ. ಮನೆಮನೆಯಲ್ಲೂ ಲೋಬಾನದ ಹೊಗೆ. ಅಕ್ಕನ ಅಡುಗೆಮನೆಯಿಂದ ತುಪ್ಪದಲ್ಲಿ ಹುರಿದ ಶಿರಾದ ಪರಿಮಳ, ಅದರ ಹಿಂದೆಯೇ ಎಣ್ಣೆಗೆ ಬಿದ್ದ ಮಿರ್ಚಿ ಭಜಿಯ ಘಾಟು. ನಾಲ್ವರಲ್ಲಿ ಹಿರಿಯರಾದ ಅಧಿಕಾರಿ ಕಟ್ಟೆಯ ಮೇಲೆ ನಿಂತು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು. ಪರೀಕ್ಷೆಯೆಂದರೆ ಅಷ್ಟೇ. ಉಪಕರಣ ಇದೆಯೇ ಎಂದು ನಾನು ಕೇಳಿದಾಗ, ಉಪಕರಣವನ್ನು ಇನ್ನೊಂದು ಜಿಲ್ಲೆಗೆ ಕಳಿಸಲಾಗಿದೆ ಎಂದಿದ್ದರು.

“ಎಕ್ಕಡಮ್ಮಾ ವಾಸನ?” ಎಂದು ಅವರು ಅಕ್ಕನನ್ನು ತೆಲುಗಿನಲ್ಲಿ ಕೇಳಿದರು. ಎಲ್ಲಿದೆಯಮ್ಮಾ ವಾಸನೆ? ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಹುಡುಕುತ್ತಿದ್ದರು.

ಅಕ್ಕ ಗುಡ್ಡದ ಕಡೆ ಕೈ ತೋರಿಸಿ ತನ್ನ ತೆಲುಗಿನಲ್ಲಿ ಹೇಳತೊಡಗಿದಳು: ಇವತ್ತು ಗಾಳಿ ಆಚೆ ಇದೆ, ಲಾರಿ ಬಂದಿಲ್ಲ, ಸಂಕ್ರಾಂತಿ ಹೊತ್ತಿಗೆ ಬಂದು ನೋಡಿ. ಮಾತು ಪೂರ್ತಿಯಾಗುವ ಮೊದಲು ಕೆಮ್ಮು ಬಂತು. ಭಜಿಯ ತಟ್ಟೆ ಒಂದು ಕೈಯಲ್ಲಿತ್ತು. ಇನ್ನೊಂದರಿಂದ ಬಾಗಿಲ ಚೌಕಟ್ಟು ಹಿಡಿದು ಬಾಗಿ ಕೆಮ್ಮಿದಳು. ಭಾವ ಒಳಗೆ ಇನ್‌ಹೇಲರ್ ತರಲು ಓಡಿದರು. ಇದಾದರೂ ಅವರ ಕಣ್ಣಿಗೆ ಬಿತ್ತಲ್ಲ ಎಂದುಕೊಂಡೆ ನಾನು.

ಹಿರಿಯ ಅಧಿಕಾರಿ ಹತ್ತಿರ ಬಂದು ಕಳಕಳಿಯಿಂದ ತಟ್ಟೆ ಇಳಿಸಿಕೊಂಡರು. “ಮಿರ್ಚಿ ಘಾಟಮ್ಮಾ,” ಎಂದರು. “ನಮ್ಮ ಮನೆಯಲ್ಲೂ ಹೀಗೇ. ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಳ್ಳಿ.”

ಇದು ಅವಳ ಹಳೆಯ ಕೆಮ್ಮು, ವೈದ್ಯರ ಚೀಟಿ ಇದೆ ಎಂದು ನಾನು ಹೇಳಿದೆ. ಚೀಟಿಯನ್ನೂ ತೋರಿಸಿದೆ. ಅವರು ಗೌರವದಿಂದ ಓದಿದರು. ಇದರಲ್ಲಿ ಕಸ ಎಂಬ ಪದವಿಲ್ಲವಲ್ಲ ಎಂದರು. ಇರಲಿಲ್ಲ.

ಶಿರಾ ಎರಡನೇ ಸಲ ಹಾಕಿಸಿಕೊಂಡರು. ಹೊರಡುವಾಗ ಅವರಲ್ಲೊಬ್ಬರು, ಇಷ್ಟು ಸ್ವಚ್ಛವಾದ ಬೀದಿಯನ್ನು ನಗರದಲ್ಲಿ ತಾವು ನೋಡಿಲ್ಲ ಎಂದು ಬೀದಿಯವರನ್ನು ಅಭಿನಂದಿಸಿದರು. ನಿವೃತ್ತರು ಸಾಲಾಗಿ ನಿಂತು ಕೈಮುಗಿದರು.

ವರದಿಯಲ್ಲಿ ಮೂರು ಅಂಶಗಳಿದ್ದವು. ದುರ್ವಾಸನೆ ಕಂಡುಬಂದಿಲ್ಲ. ಪ್ರದೇಶದ ನೈರ್ಮಲ್ಯ ಮಾದರಿಯಾಗಿದೆ. ದೂರುದಾರರ ಕೆಮ್ಮು ಅಡುಗೆಯ ಘಾಟಿಗೆ ಸಂಬಂಧಿಸಿದಂತೆ ತೋರುತ್ತದೆ. ಮೊದಲ ಎರಡರ ವಿಷಯದಲ್ಲಿ ನಾನು ಯಾವ ತಿದ್ದುಪಡಿಯನ್ನೂ ಸೂಚಿಸಲಾರೆ. ಬೀದಿಯಲ್ಲಿ ಮೂರು ದಿನ ಜಗಳವಾಯಿತು. ಪಕ್ಕದ ಮನೆಯಾಕೆ, ಎಲ್ಲಾ ಭಜಿಯಿಂದ ಕೆಟ್ಟಿತು ಎಂದಳು. ಅಕ್ಕ ಕೇಳಿದಳು, “ನಿನ್ನ ಲೋಬಾನ ಏನ್ ಸಣ್ಣದಿತ್ತೇನು? ಮೊಹರಮ್ಮಿನ ಪೀರಲ ದೇವರ ಹಬ್ಬ ಮಾಡಿದ್ದಿಯಲ್ಲ!” ಭಾವ ಮಾತ್ರ, ಭಜಿ ಛಲೋ ಆಗಿತ್ತು ಎಂದು ಹೇಳಿ, ಬಾಗಿಲ ಮಾವಿನೆಲೆ ಬಿಚ್ಚಲು ಏಣಿ ಹತ್ತಿದರು.

ಆ ಡಿಸೆಂಬರಿನಲ್ಲಿ ಗಾಳಿ ತಿರುಗಿತು. ಅಕ್ಕನಿಗೆ ಮಲಗಲಾಗುತ್ತಿರಲಿಲ್ಲ, ದಿಂಬುಗಳನ್ನು ಒಟ್ಟಿಕೊಂಡು ಕೂತೇ ಇರುತ್ತಿದ್ದಳು. ಈಗ ಬಂದು ನೋಡಿ ಎಂದು ಇಲಾಖೆಗೆ ಫೋನ್ ಮಾಡಿದೆ. ಆ ವಿಳಾಸದ ತಪಾಸಣೆ ಈಗಾಗಲೇ ತೃಪ್ತಿಕರವಾಗಿ ಮುಗಿದಿದೆ ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಅಕ್ಕ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕಲಿಲ್ಲ. ಗುಡಿಸಲಿಲ್ಲ. ರಂಗೋಲಿಯ ಡಬ್ಬಿ ಕಿಟಕಿಯ ಮೇಲೆ ಮುಚ್ಚಿಯೇ ಇತ್ತು. ಯಾರಾದರೂ ಬಂದಾರೆಂದು ಎರಡು ವಾರ ಹಾಗೇ ಬಿಟ್ಟಳು. ಹಾದುಹೋಗುವವರು ಏನಾಯಿತು, ಮೈಲಿಗೆಯೇ ಎಂದು ಕೇಳುತ್ತಿದ್ದರು. “ಹೌದ್ರಿ, ಭಾಳ ಹತ್ತಿರದವ್ರು ಹೋಗ್ಯಾರ,” ಎನ್ನುತ್ತಿದ್ದಳು. ಬರಬೇಕಾದವರು ಬರಲಿಲ್ಲ. ಸಂಕ್ರಾಂತಿಗೆ ಮುಂಚೆ ಮಗಳು ಇಬ್ಬರನ್ನೂ ಬೀದರಿಗೆ ಕರೆದೊಯ್ಯಲು ಕಾರು ತಂದಳು. ಅಕ್ಕ ಹತ್ತುವ ಮೊದಲು ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿದಳು, ದನದ ಬೆನ್ನು ತಟ್ಟುವ ಹಾಗೆ.

ಬೀದರಿನಲ್ಲಿ ಅವಳು ಒಂದೇ ದಿಂಬಿನ ಮೇಲೆ ಮಲಗುತ್ತಾಳೆ. ಹೈದರಾಬಾದಿನ ಮನೆಯ ಬೀಗದ ಕೈ ನನ್ನ ಹತ್ತಿರವಿದೆ.

ಈ ಚಳಿಗಾಲ ಇಲಾಖೆಯಿಂದ ಸೂಚನೆ ಬಂದಿದೆ. ಎರಡನೇ ತಪಾಸಣೆ ನಡೆಯಲಿದೆ. ದೂರುದಾರರು ಖುದ್ದಾಗಿ ಮನೆಯಲ್ಲಿ ಹಾಜರಿರಬೇಕು. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

“ಬರ್ತೀನಿ,” ಎಂದಳು. “ನೀ ಮೊದಲ ಹೋದ್ರ ಬಾಗಿಲಕ್ಕ ನೀರ ಹಾಕಬ್ಯಾಡ, ನೋಡ್ಕೋ.”

ಅವಳು ಶನಿವಾರ ಬಂದಳು. ಸೂಚನೆಯಲ್ಲಿದ್ದ ದಿನ ಸೋಮವಾರ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಗುಡಿಸದ ಕಟ್ಟೆಯ ಮೇಲೆ ಇನ್‌ಹೇಲರ್ ಹಿಡಿದು ಕೂತಿದ್ದಳು. ಲಾರಿಗಳು ಎಂದಿನಂತೆ ಬಂದವು. ತಂಡ ಇನ್ನೂ ಬಂದಿಲ್ಲ.