ಉಗಿ ನಿಲ್ಲಿಸಿದ ದೊಡ್ಡಕ್ಕ

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ಇಸ್ತ್ರಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನಿಂತೇ ದುಡಿದು ಕಾಲಿನ ನರಗಳು ಹಗ್ಗದಂತೆ ಗಂಟುಕಟ್ಟಿದ್ದವು. ಬಾಯಿ ಮಾತ್ರ ಚುರುಕು. ಹೊಸಬರು ಯಾರಾದರೂ ಕಾಲರ್ ಸುಟ್ಟರೆ, "ಇಸ್ತ್ರಿ ಮಾಡೇ ಅಂದ್ರೆ ಅಂತ್ಯಸಂಸ್ಕಾರಾನೇ ಮಾಡ್ಬಿಟ್ಯಲ್ಲೇ!" ಎನ್ನುತ್ತಿದ್ದಳು. ಮೇಲ್ವಿಚಾರಕಿಯಾದ ಮೇಲೆ ತಮ್ಮನ ಹೆಂಡತಿಯನ್ನೂ ಅಲ್ಲಿಗೇ ಸೇರಿಸಿದಳು.

ತಗಡಿನ ಸೂರಿನ ಕೆಳಗೆ ನಲವತ್ತು ಮೇಜು, ಪ್ರತಿಯೊಂದರಿಂದಲೂ ಉಗಿ. ಮೊದಲೆಲ್ಲ ಬೇಸಿಗೆಯಲ್ಲಿ ಹದಿನೈದು ದಿನ ಹಲ್ಲು ಕಚ್ಚಿಕೊಂಡಿದ್ದರೆ ಸಾಕಿತ್ತು. ಈಗೀಗ ಸೆಖೆ ಎರಡು ತಿಂಗಳು ಮುಂಚೆಯೇ ಬಂದು, ಮಳೆಗಾಲದಲ್ಲೂ ಬೀಡುಬಿಟ್ಟಿರುತ್ತಿತ್ತು. ದೊಡ್ಡಕ್ಕ ಯಜಮಾನನ ಕೋಣೆಗೆ ಮೂರು ಸಲ ಹೋದಳು.

"ಸಾರ್, ಮಧ್ಯಾಹ್ನ ಎರಡು ಗಂಟೆ ಹೊತ್ತು ಉಗಿ ನಿಲ್ಲಿಸೋಣ. ಬೇಕಾದ್ರೆ ಬೆಳಿಗ್ಗೆ ಬೇಗ ಬರ್ತೀವಿ."

ಯಜಮಾನ ಕೆಟ್ಟವನಲ್ಲ, ಅಪ್ಪನ ಕಾಲದ ಕಾರ್ಖಾನೆಯನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದವನು. "ಮಾಲು ಕೊಳ್ಳೋ ಕಂಪನಿಗೆ ಏನಂತ ಬರೀಲಿ, ದೊಡ್ಡಕ್ಕ? 'ಭೂಮಿ ಉಳಿಸಿ' ಅಂತ ಅಂಗಿ ಮೇಲೆ ಅಚ್ಚು ಹಾಕ್ಸೋರೂ ಅವರೇ, ಒಂದು ದಿನ ತಡ ಆದ್ರೆ ಮಾಲು ಬೇಡ ಅನ್ನೋರೂ ಅವರೇ."

ಆ ವಾರ ಅಂಥದೇ ಅಂಗಿಗಳ ರಾಶಿ ಬಿದ್ದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತಮ್ಮನ ಹೆಂಡತಿ ಮೇಜು ಹಿಡಿದು ನಿಂತು, "ಅತ್ತಿಗೆ, ಕಣ್ಣು ಕತ್ತಲೆ ಬರ್ತಿದೆ" ಎಂದಳು.

"ಇನ್ನೆರಡೇ ಡಬ್ಬ ಅಂಗಿ ಕಣೇ, ಮುಗಿಸಿ ಕೂತ್ಕೋ."

ಎರಡನೆಯದು ತುಂಬುವ ಮೊದಲೇ ಅವಳು ಕುಸಿದಳು. ಮೈ ಕೆಂಡ, ಹನಿ ಬೆವರಿಲ್ಲ. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು.

ತಮ್ಮ ಬೈಯಲಿಲ್ಲ. "ಅವಳು ನಿನ್ ಹತ್ರ ಹೇಳ್ಕೊಳ್ಲಿಲ್ವಾ ಅಕ್ಕ?" ಎಂದಷ್ಟೇ ಕೇಳಿದ.

"ಹೇಳಿದ್ಲು" ಎಂದಳು ದೊಡ್ಡಕ್ಕ.

ನಾಲ್ಕನೆಯ ದಿನ ಅವಳು ಕೆಲಸಕ್ಕೆ ಹೋದಳು. ಒಂದು ಗಂಟೆಗೆ ಯಾರನ್ನೂ ಕೇಳದೆ ಉಗಿಯ ಕೊಳವೆ ಬಂದ್ ಮಾಡಿದಳು. ಮ್ಯಾನೇಜರ್ ಓಡಿಬಂದ.

"ದೊಡ್ಡಕ್ಕ, ಲಾರಿ ಕಾಯ್ತಿದೆ!"

"ಕಾಯ್ಲಿ. ಅದಕ್ಕೇನು ಜೀವ ಇದ್ಯಾ?"

ಇಸ್ತ್ರಿಯವರೆಲ್ಲ ಹೊರಗಿನ ಗೋಡೆಯ ನೆರಳಲ್ಲಿ ಕೂತರು. ಹನ್ನೊಂದು ದಿನ ಹೀಗೇ ನಡೆಯಿತು. ಯಜಮಾನ ತಡೆಯಲಿಲ್ಲ. ಒಂದು ದಿನ ತಾನೂ ಬಂದು ಆ ನೆರಳಲ್ಲಿ ಸ್ವಲ್ಪ ಹೊತ್ತು ನಿಂತು ಹೋದ.

ಸರಕು ತಡವಾಯಿತು. ಕಂಪನಿ ಮುಂದಿನ ಕೆಲಸವನ್ನು ಬೆಟ್ಟದ ಮೇಲಿನ ತಂಪು ಊರಿನ ಕಾರ್ಖಾನೆಯೊಂದಕ್ಕೆ ಕೊಟ್ಟಿತು. ಮೂರು ತಿಂಗಳಲ್ಲಿ ಇಲ್ಲಿ ಬೀಗ ಬಿತ್ತು. ಇಸ್ತ್ರಿಯವಳೊಬ್ಬಳು, "ನಮ್ಮ ಹೊಟ್ಟೆ ಮೇಲೆ ಹೊಡೆದ್ರಿ" ಎಂದು ಮುಖಕ್ಕೇ ಅಂದಳು.

ಈಗ ಅವಳು ತಮ್ಮನ ಮನೆಯಲ್ಲಿ ಅಡುಗೆ ಮಾಡಿ, ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸುತ್ತಾಳೆ. ಮೊನ್ನೆ, ಅಂದು ಬೈದಿದ್ದವಳೇ ಹುಡುಕಿಕೊಂಡು ಬಂದಿದ್ದಳು.

"ಬೆಟ್ಟದೂರಲ್ಲಿ ಇಸ್ತ್ರಿಗೆ ಜನ ಬೇಕಂತೆ. ನಾನು ಹೊರಟಿದೀನಿ, ನೀವೂ ಬರ್ತೀರಾ?"

"ಅಲ್ಲಿ ಸೆಖೆ ಹೇಗಿದ್ಯಂತೆ?"

ಅವಳು ತಲೆ ತಗ್ಗಿಸಿದಳು. "ಈ ವರ್ಷ ಮೊದಲನೇ ಸಲ ಫ್ಯಾನ್ ಹಾಕ್ಸಿದಾರಂತೆ."

ದೊಡ್ಡಕ್ಕ ಬರುವುದಿಲ್ಲ ಎಂದಳು. ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಆಕೆ ಹೊರಟುಹೋದಳು.