ಅರ್ಧಕ್ಕೇ ನಿಂತ ಮುಳ್ಳು

ನನ್ನ ಹೆಂಡತಿ ಗಿರಿಜಾ ವಡೋದರಾದಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾಳೆ. ಒಂದೇ ಕಾರಿನ ಶಾಲೆ. ಧಾರವಾಡ ಬಿಟ್ಟು ನನ್ನ ಹಿಂದೆ ಇಲ್ಲಿಗೆ ಬಂದಾಗ ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ. ನಾನು ಎಣ್ಣೆ ಕಂಪನಿಯೊಂದರ ಉಗ್ರಾಣದಲ್ಲಿ ಬದುಕು ಸವೆಸಿ ನಿವೃತ್ತನಾದವನು. ಇಂದಿಗೂ ಕಾರನ್ನು ಹಿಂದಕ್ಕೆ ತೆಗೆಯುವಾಗ ಮನೆದೇವರನ್ನು ನೆನೆಯುತ್ತೇನೆ. ಇವಳೋ, ಮೊದಲ ದಿನ ಬಂದ ಹೆಂಗಸನ್ನೇ ಸ್ಟೇರಿಂಗ್ ಮುಂದೆ ಕೂರಿಸಿ ಪಕ್ಕದಲ್ಲಿ ಆರಾಮಾಗಿ ಶೇಂಗಾ ತಿನ್ನುತ್ತಾಳೆ. ಆ ಎದೆಗಾರಿಕೆ ನನಗೆ ಏಳು ಜನ್ಮಕ್ಕೂ ಬಾರದು.

ಕಳೆದ ಚಳಿಗಾಲದಲ್ಲಿ ಅವಳ ಬಳಿ ಕಲಿಯಲು ಬಂದವಳು ಕೃಪಾ, ಮೈಸೂರಿನ ಹುಡುಗಿ. ಗಂಡನಿಗೆ ಹಜೀರಾದಲ್ಲಿ ಕೆಲಸ, ವಾರಕ್ಕೊಮ್ಮೆ ಬಂದುಹೋಗುತ್ತಾನೆ. ರಸಾಯನಶಾಸ್ತ್ರ ಓದಿದ ಈಕೆಗೆ ಸಾವ್ಲಿಯ ಕಡೆ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನೌಕರಿ ಸಿಕ್ಕಿತ್ತು. ಆದರೆ ಅವಳ ಪಾಳಿಯ ಹೊತ್ತಿಗೆ ಅತ್ತ ಬಸ್ಸಿಲ್ಲ. ಮನೆಯಲ್ಲಿ ಕಾರಿತ್ತು, ಓಡಿಸುವವರಿರಲಿಲ್ಲ. ಕಾರು ಕಲಿತರೆ ನೌಕರಿ, ಇಲ್ಲದಿದ್ದರೆ ಇಲ್ಲ.

ಕೃಪಾ ಚೆನ್ನಾಗಿಯೇ ಕಲಿಯುತ್ತಿದ್ದಳು. ಒಂದು ಬೆಳಿಗ್ಗೆ ಅಲಕಾಪುರಿಯಲ್ಲಿ ರೈಲು ಹಳಿಯ ಕೆಳಗಿನ ದಾರಿಯಲ್ಲಿ ಕಾರು ನಿಂತುಬಿಟ್ಟಿತು. ಹಿಂದೆ ಬಸ್ಸು, ಅದರ ಹಿಂದೆ ಅರ್ಧ ಊರು. ಹಾರ್ನಿನ ಜೊತೆಗೆ ಬೈಗುಳವೂ ಬಂತು. ಎಷ್ಟು ಸಲ ಕೀಲಿ ತಿರುಗಿಸಿದರೂ ಕಾರು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಯಾರೋ ಪುಣ್ಯಾತ್ಮರು ತಳ್ಳಿ ಮೇಲೆ ಹತ್ತಿಸಿದರು.

ನಡೆದದ್ದು ಇಷ್ಟೇ. ಇಲ್ಲಿನ ಸಾವಿರಾರು ಗಾಡಿಗಳಂತೆ ನಮ್ಮದೂ ಸಿಎನ್‌ಜಿ ಕಾರು. ಗ್ಯಾಸ್ ಮುಗಿದರೆ ತಾನಾಗಿಯೇ ಪೆಟ್ರೋಲಿಗೆ ಹೊರಳುತ್ತದೆ. ಅಂದು ಗ್ಯಾಸ್ ಮುಗಿಯಿತು, ಹೊರಳಿತು. ಆದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲ. ಮುಳ್ಳು ಮಾತ್ರ ಅರ್ಧ ಟ್ಯಾಂಕ್ ಎಂದು ತೋರಿಸುತ್ತಲೇ ಇತ್ತು.

ಮರುದಿನ ಕೃಪಾ ನಮ್ಮ ಬಾಗಿಲಿಗೆ ಬಂದಳು, ಒಳಗೆ ಬರಲಿಲ್ಲ. "ನನ್ನ ಕೈಲಾಗಲ್ಲ ಮೇಡಂ. ಕೆಲಸ ಬೇಡ ಅಂತ ತಿಳಿಸಿಬಿಡ್ತೀನಿ."

"ಪೆಟ್ರೋಲ್ ಇರಲಾರದಕ್ಕ ನಿಂತೈತವ್ವಾ, ನಿನ್ನಿಂದಲ್ಲ," ಎಂದಳು ಗಿರಿಜಾ.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗತ್ತೆ."

"ಹಂಗಾರ ನೆಲ ಡೊಂಕ ಐತೋ ಇಲ್ಲೋ ನೀನ ನೋಡು. ರವಿವಾರ ಮುಂಜಾನೆ ಬಾ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನೇ ಬರೆ ಹಾಕಿಕೊಂಡು ನಿಂತಿತ್ತು. ನನಗೆ ಸಿಟ್ಟು ಬಂದದ್ದು ಮೆಕ್ಯಾನಿಕ್ಕಿನ ಮೇಲೆ. ಮುಳ್ಳು ಅಲುಗುತ್ತಿಲ್ಲವೆಂದು ಗಿರಿಜಾ ಹಿಂದೊಮ್ಮೆ ತೋರಿಸಿದಾಗ, ಸಿಎನ್‌ಜಿ ಗಾಡಿಗೆ ಪೆಟ್ರೋಲ್ ಮುಳ್ಳು ಯಾಕೆ ಬೇನ್, ಅಂದರೆ ಅಕ್ಕಾ, ಎಂದು ನಕ್ಕು ಕಳಿಸಿದ್ದ. ಗಿರಿಜಾ ತಾನೇ ಅಂಗಡಿಗೆ ಹೋಗಿ, ಟ್ಯಾಂಕಿನೊಳಗೆ ಕೂತು ಮುಳ್ಳನ್ನು ನಡೆಸುವ ಫ್ಲೋಟ್ ಹೊಸದು ತಂದಳು. ಬೇರೆ ಮೆಕ್ಯಾನಿಕ್ಕನ್ನು ಕರೆಯೋಣ ಎಂದೆ. "ಅಂವ ಬಿಚ್ಚಿದ್ರ ಕೃಪಾಗೇನ್ ಕಾಣತೈತ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಭಾನುವಾರ ಕೃಪಾ ಬಂದಳು. ಇಬ್ಬರೂ ನಮ್ಮ ಕಟ್ಟಡದ ಹಿಂದಿನ ಬಯಲಿನಲ್ಲಿ ಕಾರು ನಿಲ್ಲಿಸಿ, ಬ್ಯಾಟರಿಯ ತಂತಿ ಕಳಚಿ, ಹಿಂದಿನ ಸೀಟು ಎತ್ತಿದರು. ಯಾರೂ ಬೀಡಿ ಸಿಗರೇಟು ಹಿಡಿದು ಹತ್ತಿರ ಬರದಂತೆ ಕಾಯುವುದು ನನ್ನ ಪಾಲಿನ ಕೆಲಸ. ಸೀಟಿನ ಕೆಳಗೆ ತಗಡಿನ ಮುಚ್ಚಳ, ಅದರಡಿ ಟ್ಯಾಂಕಿನ ಬಾಯಿ. ಗಿರಿಜಾಗೆ ಈ ಕೆಲಸ ಗೊತ್ತು, ಆದರೆ ಪಾನಾ ಮುಟ್ಟಲಿಲ್ಲ. ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು, ಬಿಚ್ಚಿದವಳು ಕೃಪಾ.

ಫ್ಲೋಟ್ ಹೊರಬಂತು. ಪೆಟ್ರೋಲಿನ ಮೇಲೆ ತೇಲುವ ಬೆಂಡು, ಅದನ್ನು ಹಿಡಿದ ತಂತಿಯ ತೋಳು. ಪೆಟ್ರೋಲು ಏರಿಳಿದಂತೆ ತೋಳೂ ಏರಿಳಿದು ಮುಳ್ಳಿಗೆ ಸುದ್ದಿ ಕಳಿಸಬೇಕು. ಈ ತೋಳು ಅರ್ಧದಲ್ಲೇ ಸೆಟೆದು ನಿಂತಿತ್ತು. ಕೃಪಾ ಕೆಳಗೆ ಒತ್ತಿದಳು, ಅಲುಗಲಿಲ್ಲ. ಮೇಲೆತ್ತಿದಳು, ಅಲುಗಲಿಲ್ಲ. ಬುಡಕ್ಕೆ ಮೆತ್ತಿದ್ದ ಕಂದು ಅಂಟನ್ನು ಉಜ್ಜಿ ಮೂಸಿದಳು.

"ಹಳೇ ಪೆಟ್ರೋಲ್ ಗೋಂದಾಗಿದೆ ಮೇಡಂ. ಇದು ಅವತ್ತಿನದಲ್ಲ, ತುಂಬಾ ದಿನದ್ದು." ಹೇಳುತ್ತಾ ಅವಳ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು. ಪೆಟ್ರೋಲಿನ ಘಾಟು ಎಂದು ಒರೆಸಿಕೊಂಡೆ.

ಹೊಸದನ್ನು ಅವಳೇ ಕೂರಿಸಿದಳು. ಕ್ಯಾನಿನಿಂದ ಪೆಟ್ರೋಲು ಹೊಯ್ದು, ಎಲ್ಲ ಮುಚ್ಚಿ, ತಂತಿ ಜೋಡಿಸಿ ಕೀಲಿ ತಿರುಗಿಸಿದಾಗ ಮುಳ್ಳು ನಿಧಾನವಾಗಿ ಮೇಲೆದ್ದಿತು.

"ನಡಿ, ಹೋಗೂಣು," ಎಂದಳು ಗಿರಿಜಾ. ನಾನು ಹಿಂದೆ ಕೂತೆ.

ಫತೇಗಂಜ್ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು. ಕೃಪಾ ಕ್ಲಚ್ಚನ್ನು ಗಬಕ್ಕನೆ ಬಿಟ್ಟಳು. ಕಾರು ಜಗ್ಗಿ ನಿಂತಿತು. ಹಿಂದಿನಿಂದ ಮತ್ತದೇ ಹಾರ್ನು, ಅದೇ ಬೈಗುಳ. ನಾನು ಮನೆದೇವರನ್ನು ನೆನೆದೆ. ಕಲಿಸುವವಳ ಕಾಲ ಬಳಿಯೂ ಕ್ಲಚ್ಚು, ಬ್ರೇಕು ಇವೆ; ಗಿರಿಜಾ ಕಾಲು ಮಡಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಈ ಹೆಂಗಸನ್ನು ಕಟ್ಟಿಕೊಂಡದ್ದಕ್ಕೆ ಆ ಗಳಿಗೆಯಲ್ಲಿ ನನಗಾದ ಹೆಮ್ಮೆ ಹೇಳತೀರದು.

ಕೃಪಾ ಮುಳ್ಳಿನ ಕಡೆ ನೋಡಿದಳು. ಪೆಟ್ರೋಲು ಬೇಕಾದಷ್ಟಿತ್ತು.

"ಇದು ಮಾತ್ರ ನಂದೇ ತಪ್ಪು ಮೇಡಂ," ಎಂದು ನಕ್ಕು, ಮತ್ತೆ ಕೀಲಿ ತಿರುಗಿಸಿದಳು.